ರೊಟ್ಟಿ ಆರಾಕತ್ತಾವ, ಬಾರೋ

ನಮ್ಮ ಅವ್ವನ ಹೆಸರು ಭಾಗವ್ವ. ಅವಳ ಬಗ್ಗೆ ಬರೆಯಲು ಕೂತಾಗಲೆಲ್ಲ ಅದು ಹಾಡಾಗುತ್ತಿತ್ತು. ಹಾಡಾಗಿ ಎಂಟನೇ ಸಾಲಿಗೆ ಬಂದು ನಿಲ್ಲುತ್ತಿತ್ತು. ಆದ್ದರಿಂದ ಈ ಸಲ ಪ್ರಾಸ ಬಿಟ್ಟು, ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ. ಸರಿಯಾಗಿ ನೆನಪಿಲ್ಲದ್ದನ್ನು ನೆನಪಿಲ್ಲ ಎಂದೇ ಬರೆಯುತ್ತೇನೆ.

ಅವ್ವನದು ದೊಡ್ಡ ಧ್ವನಿ. ರೋಣದ ಹತ್ತಿರದ ಅವಳ ಊರಿನಲ್ಲಿ ಅವರ ಮನೆಗೂ ಹೊಲಕ್ಕೂ ನಡುವೆ ಒಂದು ಹಳ್ಳ ಇತ್ತಂತೆ. ಹಳ್ಳದ ಈ ದಂಡೆಯಿಂದ ಆ ದಂಡೆಗೆ ಮಾತಾಡಿಯೇ ಬೆಳೆದವಳು. ಲಗ್ಗೆರೆಗೆ ಬಂದು ಹದಿನಾರು ವರ್ಷವಾದರೂ ಆ ಹಳ್ಳ ಅವಳ ಗಂಟಲಿನಿಂದ ಹೋಗಿರಲಿಲ್ಲ. ನಮ್ಮದು ವಠಾರದ ಮೂರನೇ ಮಹಡಿಯಲ್ಲಿ ಒಂದು ರೂಮು, ಒಂದು ಅಡುಗೆಮನೆ. ಅವ್ವ ಮಹಡಿಯ ಮೇಲೆ ನಿಂತೇ ಕೆಳಗೆ ರಸ್ತೆಯಲ್ಲಿರುವ ಹಾಲಿನವನ ಜೊತೆ ಅವನ ಮಗಳ ಮದುವೆಯ ವಿಷಯ ಪೂರ್ತಿ ಮಾತಾಡಿ ಮುಗಿಸುತ್ತಿದ್ದಳು.

ಕೆಳಗಿನ ಮನೆಯ ಉಮಾಶ್ರೀ ಆಂಟಿ ಒಮ್ಮೆ ಹೇಳಿದರು, "ಭಾಗಕ್ಕ, ನೀವು ಬೆಳಗ್ಗೆ ಹಾಲಿನವನನ್ನ ಕರೆದ್ರೆ ಪೀಣ್ಯದಲ್ಲಿ ಶಿಫ್ಟ್ ಶುರುವಾಯ್ತು ಅಂತ ಗೇಟ್ ತೆಗೀತಾರಂತೆ."

"ಸಣ್ಣಗ ಮಾತಾಡಾಕ ನಾ ಏನ್ ಕಳುವು ಮಾಡೀನೇನ್ರೀ?" ಅಂದಳು ಅವ್ವ. ಆಂಟಿ ನಗುತ್ತಾ ಒಳಗೆ ಹೋದರು.

ನನಗೆ ನಾಲ್ಕು ವರ್ಷ ಇದ್ದಾಗ ಅಪ್ಪ ತೀರಿಕೊಂಡ. ಅಂದಿನಿಂದ ಅವ್ವ ವಿಜಯನಗರದ ಒಂದು ಖಾನಾವಳಿಗೆ ಜೋಳದ ರೊಟ್ಟಿ ಬಡಿದು ಕಳಿಸುತ್ತಿದ್ದಳು. ಬೆಳಗ್ಗೆ ಐದಕ್ಕೆ ಕೂತರೆ ಹತ್ತರವರೆಗೆ ಅವಳ ಅಂಗೈ ನಿಲ್ಲುತ್ತಿರಲಿಲ್ಲ. ಬಡಿಯುತ್ತಾ ಹಾಡುತ್ತಿದ್ದಳು ಎಂದು ಬರೆದರೆ ಓದಲು ಚೆನ್ನಾಗಿರುತ್ತಿತ್ತು. ಆದರೆ ಅವಳು ಹಾಡುತ್ತಿರಲಿಲ್ಲ. ಒಂದು ಹಾಡೂ ಅವಳಿಗೆ ಪೂರ್ತಿ ಬರುತ್ತಿರಲಿಲ್ಲ. ಅವಳು ಕರೆಯುತ್ತಿದ್ದಳು, ಅಷ್ಟೇ. ಹಾಲಿನವನನ್ನು, ಆಂಟಿಯನ್ನು, ಮಹಡಿ ಹತ್ತುವ ಬೆಕ್ಕನ್ನು, ಎಲ್ಲರಿಗಿಂತ ಹೆಚ್ಚಾಗಿ ನನ್ನನ್ನು. ನನ್ನ ಹೆಸರು ಮುತ್ತುರಾಜ. ಅವಳ ಬಾಯಲ್ಲಿ ಅದು ಮುತ್ತ್ಯಾ. ಹಾಗೆ ಕರೆಯುವವರು ಬೇರೆ ಯಾರೂ ಇಲ್ಲ.

ನಾನು ಅವ್ವನ ತದ್ವಿರುದ್ಧ. ರಾಜಾಜಿನಗರದ ಕಡೆ ಒಂದು ಕಾಲೇಜಿನಲ್ಲಿ ಡಿಪ್ಲೊಮಾಗೆ ಸೇರಿದ್ದೆ. ಮೊದಲ ವರ್ಷ ಒಂದು ಸೆಮಿನಾರ್ ಕೊಡಬೇಕಿತ್ತು. ಐದು ನಿಮಿಷ ಎದುರಿಗೆ ನಿಂತು ಮಾತಾಡಬೇಕು. ವಿಷಯವೆಲ್ಲ ಬಾಯಿಪಾಠ ಆಗಿತ್ತು. ಬೋರ್ಡಿನ ಮೇಲೆ ಹೆಡ್ಡಿಂಗ್ ಬರೆದೆ. ಅದಕ್ಕೆ ಅಡಿಗೆರೆ ಎಳೆದೆ. ಸ್ಕೇಲು ಸರಿಯಾಗಿ ಕೂತಿರಲಿಲ್ಲ ಎಂದು ಅಳಿಸಿ ಮತ್ತೆ ಎಳೆದೆ. ಮೂರನೇ ಸಲ ಎಳೆಯುವಾಗ ಹಿಂದಿನ ಬೆಂಚಿನಿಂದ ಯಾರೋ "ಗುರು, ಮನೆ ಕಟ್ತಿದೀಯಾ?" ಅಂದರು. ಎಲ್ಲರೂ ನಕ್ಕರು. ನಾನು ಚಾಕ್‌ಪೀಸು ಮೇಜಿನ ಮೇಲಿಟ್ಟು ಹೊರಗೆ ಬಂದೆ, ಮತ್ತೆ ಆ ಕಾಲೇಜಿಗೆ ಹೋಗಲಿಲ್ಲ. ಅವ್ವ ಒಂದು ದಿನ ಪೂರ್ತಿ ಬೈದಳು. ನಾನು ಓದು ಬಿಟ್ಟದ್ದು ವಠಾರದ ಒಂಬತ್ತು ಮನೆಗೂ ಬೇರೆ ಯಾರೂ ಹೇಳಬೇಕಾಗಲಿಲ್ಲ.

ಎದುರಿಗೆ ಜನ ಇಲ್ಲದಿದ್ದರೆ ನನಗೆ ಮಾತು ಬರುತ್ತದೆ. ಅದು ಗೊತ್ತಾದದ್ದು ಕೌದಿಯೊಳಗೆ. ಅವ್ವ ತನ್ನ ಹಳೆಯ ಸೀರೆಗಳನ್ನೆಲ್ಲ ಒಂದರ ಮೇಲೊಂದು ಇಟ್ಟು ಹೊಲಿದ ಕೌದಿ ಅದು, ಬಹಳ ದಪ್ಪ. ಕಿಟಕಿಯ ಸರಳಿಗೂ ಬಾಗಿಲ ಮೊಳೆಗೂ ಹಗ್ಗ ಕಟ್ಟಿ ಅದರ ಮೇಲೆ ಕೌದಿ ಇಳಿಬಿಟ್ಟರೆ ಒಳಗೆ ಒಬ್ಬ ಕೂರುವಷ್ಟು ಜಾಗ ಆಗುತ್ತದೆ. ಹೊರಗಿನ ಸದ್ದು ಅರ್ಧ ನಿಲ್ಲುತ್ತದೆ, ಗೋಡೆಗೆ ಬಡಿದು ವಾಪಸ್ ಬರುವ ಧ್ವನಿಯೂ ಇರುವುದಿಲ್ಲ. ಅಲ್ಲಿ ಕೂತು ಫೋನಿಗೆ ಮೈಕ್ ಸಿಕ್ಕಿಸಿ ನಾನು ರ್‍ಯಾಪ್ ಮಾಡಲು ಕಲಿತೆ. ಬೇಸಿಗೆಯಲ್ಲಿ ಒಳಗೆ ಬೆವರು ಸುರಿದು ಬರೆದ ಹಾಳೆ ಒದ್ದೆಯಾಗುತ್ತಿತ್ತು. ಇದುವರೆಗೆ ಹನ್ನೊಂದು ಹಾಡು ನೆಟ್ಟಿಗೆ ಹಾಕಿದ್ದೇನೆ. ಅತಿ ಹೆಚ್ಚು ಓಡಿದ್ದು ಅರವತ್ತೊಂದು ಸಲ. ಅದರಲ್ಲಿ ಒಂಬತ್ತು ನನ್ನದೇ.

ಹಾಡು ಬರೆಯುವುದರಲ್ಲಿ ನನಗೆ ಸುಲಭವಾದದ್ದು ಪ್ರಾಸ. ಅದು ತಾನಾಗಿ ಬರುತ್ತದೆ, ಬೇಡವೆಂದರೂ ಬರುತ್ತದೆ. ಕಷ್ಟವಾದದ್ದು ಯಾವುದನ್ನು ಬಿಡಬೇಕು ಎನ್ನುವುದು. ನಾನು ಬಿಡುವುದರಲ್ಲಿ ಬಹಳ ಕಟ್ಟುನಿಟ್ಟು. ಒಂದು ಸಾಲಿನಲ್ಲಿ ಉಸಿರು ಕೇಳಿಸಿದರೆ ಅಳಿಸುತ್ತಿದ್ದೆ. ಕುಕ್ಕರ್ ಕೂಗಿದರೆ ಅಳಿಸುತ್ತಿದ್ದೆ. ರೊಟ್ಟಿ ಬಡಿಯುವ ಸದ್ದು ನುಗ್ಗಿದರೆ, ಅವ್ವ ಯಾರನ್ನಾದರೂ ಕರೆದರೆ, ಇಡೀ ಫೈಲ್ ಅಳಿಸಿ ಮೊದಲಿಂದ ಶುರು ಮಾಡುತ್ತಿದ್ದೆ. ಕೇಳಿದವರಿಗೆ ನಾನು ಲಗ್ಗೆರೆಯ ಒಂದು ರೂಮಿನಲ್ಲಿ ಕೂತಿದ್ದೇನೆ ಎಂದು ಗೊತ್ತಾಗಬಾರದು, ದೊಡ್ಡ ಸ್ಟುಡಿಯೋ ಅನಿಸಬೇಕು ಎಂಬುದು ನನ್ನ ಆಸೆಯಾಗಿತ್ತು.

ಈ ಕಟ್ಟುನಿಟ್ಟು ಕಲಿಯುವ ಮುಂಚೆ ಮಾಡಿದ ಒಂದು ರೆಕಾರ್ಡಿಂಗ್ ಇತ್ತು. ಆಗ ನನಗೆ ಹದಿನೇಳು. ಕಾಲೇಜಿನಲ್ಲಿ ನನಗಿದ್ದ ಒಬ್ಬನೇ ಗೆಳೆಯ ಕಿಟ್ಟಿ. ಅವನ ಸೋದರಮಾವನಿಗೆ ಪರಿಚಯದ ತರಕಾರಿ ಗಾಡಿಯವರೊಬ್ಬರಿದ್ದರು. ಗಾಡಿಯ ಸ್ಪೀಕರಿಗೆ ಕೂಗುವ ಧ್ವನಿ ಬೇಕಿತ್ತು. ಕಿಟ್ಟಿ ನಮ್ಮ ಮನೆಗೆ ಬಂದು ಕೌದಿಯ ಹೊರಗೆ ಕೂತು ತರಕಾರಿ ಹೆಸರುಗಳ ಪಟ್ಟಿ ಓದಿದ. ನಾನು ಒಳಗೆ ಕೂತು ಅದನ್ನು ಹಾಡಿನ ಹಾಗೆ ಕಟ್ಟಿದೆ.

"ಹೀರೇಕಾಯಿ, ಸೋರೇಕಾಯಿ, ಬಳ್ಳಿ ಬಿಟ್ಟು ಬಂದ ಕಾಯಿ. ಬದನೆಕಾಯಿ, ಬೆಂಡೆಕಾಯಿ, ಬಾಗಿಲಿಗೆ ಬಂತು ತಾಯಿ…"

"ಸೂಪರ್ ಮಗಾ," ಅಂದ ಕಿಟ್ಟಿ. "ಈರುಳ್ಳಿ ಬಿಟ್ಟೋಯ್ತು ನೋಡು. ಈರುಳ್ಳಿ ಇಲ್ದೆ ಯಾವನು ಗಾಡಿ ನಿಲ್ಲಿಸ್ತಾನೆ?"

ಈರುಳ್ಳಿ ಸೇರಿಸಿ ಮತ್ತೆ ಶುರು ಮಾಡಿದೆ. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಅಡುಗೆಮನೆಯಿಂದ ಅವ್ವ ಕರೆದಳು. ಅದಾದ ಮೇಲೆ ಉಳಿದ ಸಾಲು ಮುಗಿಸಿದೆ. ಸರಿಯಾಗಿಲ್ಲ, ಇನ್ನೊಮ್ಮೆ ಮಾಡುತ್ತೇನೆ ಅಂದೆ. ಕಿಟ್ಟಿ ಕೇಳಲಿಲ್ಲ.

"ತರಕಾರಿ ತಗೊಳ್ಳೋರು ಇದನ್ನೆಲ್ಲ ಕೇಳ್ತಾರಾ ಗುರು? ಕೊಡು ಇಲ್ಲಿ, ಮಾವ ಕಾಯ್ತಾವ್ರೆ." ಮೆಮೊರಿ ಕಾರ್ಡಿಗೆ ಹಾಕಿಸಿಕೊಂಡು, ಅವ್ವ ಕೊಟ್ಟ ರೊಟ್ಟಿಯನ್ನು ಕೈಯಲ್ಲೇ ಸುತ್ತಿಕೊಂಡು ತಿನ್ನುತ್ತಾ ಮಹಡಿ ಇಳಿದು ಹೋದ. ನನ್ನ ಫೋನಿನಲ್ಲಿದ್ದ ಫೈಲನ್ನು ಅವತ್ತೇ ಅಳಿಸಿದೆ. ಸರಿಯಿಲ್ಲದ್ದನ್ನು ಇಟ್ಟುಕೊಳ್ಳುವುದು ನನಗೆ ಆಗದು.

ಮರುವರ್ಷ ಅವ್ವನ ಧ್ವನಿ ಒಡೆಯಿತು. ಹಿಟ್ಟಿನ ದೂಳು ಎಂದುಕೊಂಡೆವು. ಶುಂಠಿ ಕಷಾಯ ಕುಡಿದಳು. ಧ್ವನಿ ದಿನದಿನಕ್ಕೆ ಸಣ್ಣದಾಗುತ್ತಾ ಹೋಯಿತು. ಗಂಟಲಿನಲ್ಲಿ ಗಡ್ಡೆ ಇದೆ, ಅದು ಕೆಟ್ಟ ಗಡ್ಡೆ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದು ಡಾಕ್ಟರ್ ಹೇಳಿದಾಗ ಅವ್ವ ಕೇಳಿದಳು, "ತಗದ್ರ ಬದಕ್ತೀನಿಲ್ರೀ?" ಬದುಕುತ್ತೀರಿ ಅಂದರು. "ಹಂಗಾರ ತಗೀರಿ." ಅದು ಪಿಸುಮಾತಿನ ಹಾಗೆ ಇತ್ತು. ಡಾಕ್ಟರ್ ಮುಂದಕ್ಕೆ ಬಾಗಿ ಕೇಳಬೇಕಾಯಿತು.

ಆಗಲೇ ರೆಕಾರ್ಡ್ ಮಾಡಬಹುದಿತ್ತಲ್ಲ ಎಂದು ಯಾರಿಗಾದರೂ ಅನಿಸಬಹುದು. ನನಗೂ ಅನಿಸಿತ್ತು. ಆದರೆ ಅದು ಅವ್ವನ ಧ್ವನಿಯೇ ಆಗಿರಲಿಲ್ಲ. ಫೋನ್ ಕೈಗೆತ್ತಿಕೊಂಡರೆ, ಇನ್ನು ಅದು ಹೋಗಿಯೇಬಿಡುತ್ತದೆ ಎಂದು ನಾನೇ ಒಪ್ಪಿಕೊಂಡ ಹಾಗೆ ಆಗುತ್ತಿತ್ತು. ಎತ್ತಿಕೊಳ್ಳಲಿಲ್ಲ.

ಈಗ ಅವ್ವ ಕುತ್ತಿಗೆಯಲ್ಲಿರುವ ಒಂದು ತೂತಿನಿಂದ ಉಸಿರಾಡುತ್ತಾಳೆ. ಅದರ ಮೇಲೆ ತೆಳ್ಳನೆಯ ಬಿಳಿ ಬಟ್ಟೆ ಕಟ್ಟಿಕೊಳ್ಳುತ್ತಾಳೆ. ಹಿಟ್ಟಿನ ದೂಳು, ಹೊಗೆ ಎರಡೂ ಆಗಬಾರದು ಎಂದಿದ್ದಾರೆ, ಅದಕ್ಕೆ ಖಾನಾವಳಿಯ ಕೆಲಸ ಬಿಟ್ಟಳು. ನಾನು ಪೀಣ್ಯದ ಒಂದು ಫ್ಯಾಕ್ಟರಿಯ ಪ್ಯಾಕಿಂಗ್ ವಿಭಾಗಕ್ಕೆ ಸೇರಿದೆ. ಮಧ್ಯಾಹ್ನದ ಶಿಫ್ಟು. ನಮ್ಮಿಬ್ಬರಿಗೆ ಬೇಕಾದ ನಾಲ್ಕು ರೊಟ್ಟಿಯನ್ನು ಮಾತ್ರ ಅವ್ವ ಈಗಲೂ ಹಟ ಹಿಡಿದು ಬಡಿಯುತ್ತಾಳೆ. ಬೇರೆ ಯಾವ ವಿಷಯದಲ್ಲಿ ಡಾಕ್ಟರ್ ಮಾತು ಮೀರಿದವಳಲ್ಲ. ಊಟಕ್ಕೆ ಕರೆಯಬೇಕೆಂದರೆ ಇಕ್ಕಳದಿಂದ ಹಂಚಿಗೆ ಎರಡು ಸಲ ಹೊಡೆಯುತ್ತಾಳೆ. ಬಾಗಿಲಿಗೆ ಯಾರಾದರೂ ಬಂದಿದ್ದರೆ ಒಂದು ಸಲ. ಮೊದಲಿಗೆ ಉಮಾಶ್ರೀ ಆಂಟಿ ದಿನಾ ಮೇಲೆ ಬರುತ್ತಿದ್ದರು. ಒಬ್ಬರೇ ಎಷ್ಟು ಹೊತ್ತು ಮಾತಾಡುತ್ತಾರೆ? ಈಗ ಹಬ್ಬಕ್ಕೆ ಬರುತ್ತಾರೆ. ಮನೆಯಲ್ಲಿ ಇಬ್ಬರಿದ್ದೇವೆ. ನಾನು ಮೊದಲೇ ಮಾತು ಕಡಿಮೆಯವನು. ಕೆಲವು ದಿನ ಬೆಳಗ್ಗೆ ಎದ್ದಾಗಿನಿಂದ ಶಿಫ್ಟಿಗೆ ಹೋಗುವವರೆಗೆ ಮನೆಯಲ್ಲಿ ಒಂದು ಮಾತೂ ಆಗಿರುವುದಿಲ್ಲ. ಕೌದಿಯನ್ನು ಹಗ್ಗದ ಮೇಲೆ ಹಾಕುವ ಅಗತ್ಯವೇ ಇಲ್ಲ, ಅಷ್ಟು ನಿಶ್ಶಬ್ದ. ಆದರೂ ಹಾಕುತ್ತೇನೆ.

ಅಲ್ಲಿ ಕೂತು ಅವ್ವನ ಮೇಲೆ ಹಾಡು ಬರೆಯತೊಡಗಿದೆ. ಅದರ ಕೊನೆಯ ನಾಲ್ಕು ಸಾಲು ಹೀಗಿವೆ:

ಹಿಟ್ಟು ನಾದೋ ಕೈಗೆ ಗಡಿಯಾರ ಬ್ಯಾಡ,
ಹಂಚು ಕಾದ ಮ್ಯಾಲ ಉಪಚಾರ ಬ್ಯಾಡ,
ನನ್ನ ಹೆಸರ ಹಿಡದು ಕರದಾಕಿ ಒಬ್ಬಾಕಿ,
ಆ ಹೆಸರು ಬರ್ತಿತ್ತು ಮೂರ್ ಮಹಡಿ ದಾಟಿ…

ಇದರ ನಂತರ ಆ ಹೆಸರು ಬರಬೇಕು. ನಾನು ಹೇಳಿದರೆ ಅದು ಬರೀ ನನ್ನ ಹೆಸರು. ಅವಳೇ ಕರೆಯಬೇಕು. ಹತ್ತಾರು ಥರ ಬರೆದು ನೋಡಿದೆ. ಯಾವ ಸಾಲೂ ಅಲ್ಲಿ ಕೂರಲಿಲ್ಲ. ಆಗ ಫೋನಿನಲ್ಲಿ ಹುಡುಕತೊಡಗಿದೆ. ಇನ್ನೂರ ಹದಿನಾಲ್ಕು ಫೈಲ್ ಇದ್ದವು. ಒಂದೊಂದನ್ನೂ ಹೆಡ್‌ಫೋನ್ ಹಾಕಿಕೊಂಡು ಮೊದಲಿಂದ ಕೊನೆವರೆಗೆ ಕೇಳಿದೆ. ಎರಡು ವಾರ ಹಿಡಿಯಿತು. ಎಲ್ಲವೂ ಶುದ್ಧವಾಗಿದ್ದವು. ಒಂದರಲ್ಲೂ ಕುಕ್ಕರ್ ಇಲ್ಲ, ರೊಟ್ಟಿ ಇಲ್ಲ, ಅವ್ವ ಇಲ್ಲ. ಅವ್ವನದು ಬಟನ್ ಫೋನು, ಅದರಿಂದ ಧ್ವನಿ ಕಳಿಸುವಂತಿರಲಿಲ್ಲ. ಆಂಟಿಯ ಮಗಳ ಮದುವೆಯ ವಿಡಿಯೋದಲ್ಲಿ ಅವ್ವ ಇದ್ದಾಳೆ, ಆದರೆ ಅಕ್ಷತೆ ಹಾಕುತ್ತಿದ್ದಾಳೆ, ಮೇಲೆ ನಾದಸ್ವರ. ನಾನು ಅವಳನ್ನು ಎಷ್ಟು ಚೆನ್ನಾಗಿ ಅಳಿಸಿದ್ದೆ ಎಂದು ಅವತ್ತು ಗೊತ್ತಾಯಿತು.

ತರಕಾರಿ ಗಾಡಿಯ ನೆನಪು ಬಂದದ್ದು ಆಮೇಲೆ. ಕಿಟ್ಟಿ ಈಗ ಕೆಂಗೇರಿಯಲ್ಲಿದ್ದಾನೆ, ಊಟದ ಡೆಲಿವರಿ ಮಾಡುತ್ತಾನೆ. ಅವನಿಗೆ ಫೋನ್ ಮಾಡಲು ಎರಡು ದಿನ ತೆಗೆದುಕೊಂಡೆ.

"ಲೋ ಮುತ್ತು! ಬದುಕಿದ್ಯಾ ಮಗಾ? ನಾನೇ ಫೋನ್ ಮಾಡ್ಬೇಕು ಯಾವಾಗ್ಲೂ. ಇವತ್ತೇನು, ಸೂರ್ಯ ಆ ಕಡೆ ಹುಟ್ಟಿದಾನಾ?"

ವಿಷಯ ಹೇಳಿದೆ. ಸಿಗ್ನಲ್ಲಿನಲ್ಲಿ ನಿಂತಿದ್ದ ಅನಿಸುತ್ತದೆ, ಹಾರ್ನ್ ಕೇಳುತ್ತಿತ್ತು. ಬೈಕು ಪಕ್ಕಕ್ಕೆ ಹಾಕಿ ಕೇಳಿದ.

"ಅಮ್ಮಂಗೆ ಹಿಂಗಾಗಿದೆ ಅಂತ ನಂಗ್ಯಾಕೋ ಹೇಳ್ಲಿಲ್ಲ? ಒಂದೂವರೆ ವರ್ಷ ಆಯ್ತಲ್ಲೋ."

"ಹೇಳಕ್ಕೆ ಆಗ್ಲಿಲ್ಲ."

"ನಿಂಗೇನಾಗತ್ತೆ ಹೇಳು. ಅವರ ರೊಟ್ಟಿ ತಿಂದಿದೀನಿ ಕಣೋ ನಾನು." ಆಮೇಲೆ ಹೇಳಿದ, "ಗಾಡಿಯವರ ಹೆಸರು ನಂಗೊತ್ತಿಲ್ಲ ಮಗಾ. ಮಾವ ಮಂಡ್ಯಕ್ಕೆ ಹೋಗ್ಬಿಟ್ರು, ಅವರತ್ರ ಇದ್ದ ನಂಬರ್ ಈಗ ಹೋಗ್ತಿಲ್ಲ. ಚಂದ್ರಾ ಲೇಔಟು, ಅತ್ತಿಗುಪ್ಪೆ, ಆ ಸೈಡ್ ಸುತ್ತುತಿದ್ರು ಅಂತ ಅಷ್ಟೇ ಗೊತ್ತು. ಇನ್ನೂ ಅದೇ ಧ್ವನಿ ಇಟ್ಕೊಂಡಿರ್ತಾರಾ?"

ಅದು ನನಗೂ ಗೊತ್ತಿರಲಿಲ್ಲ. ಮರುದಿನದಿಂದ ಬೆಳಗ್ಗೆ ಎಂಟಕ್ಕೆ ಬಸ್ಸು ಹತ್ತಿ ವಿಜಯನಗರದಲ್ಲಿ ಇಳಿದು, ಶಿಫ್ಟಿಗೆ ಹೊತ್ತಾಗುವವರೆಗೆ ನಡೆಯುತ್ತಿದ್ದೆ. ಬೇರೆ ಯಾರಾದರೂ ಆಗಿದ್ದರೆ ಅಂಗಡಿಗಳಲ್ಲಿ ವಿಚಾರಿಸುತ್ತಿದ್ದರು. ನನ್ನಿಂದ ಅದು ಆಗಲಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ರಸ್ತೆಗಳ ಪಟ್ಟಿ ಮಾಡಿ, ನಡೆದದ್ದಕ್ಕೆ ಗುರುತು ಹಾಕುತ್ತಾ ಹೋದೆ. ಗಾಡಿಗಳು ಬಹಳ ಇದ್ದವು. ಸೊಪ್ಪಿನ ಗಾಡಿ, ಹೂವಿನ ಗಾಡಿ, ಹಳೇ ಪೇಪರ್, ಉಪ್ಪು, ಬೆಳ್ಳುಳ್ಳಿ. ಈಗ ಯಾರೂ ಬಾಯಿಂದ ಕೂಗುವುದಿಲ್ಲ, ಎಲ್ಲರದೂ ಸ್ಪೀಕರು. ಕೂಗಿದವರು ಎಲ್ಲಿಯೋ ಇರುತ್ತಾರೆ, ಕೂಗು ರಸ್ತೆಯಲ್ಲಿ ತಿರುಗುತ್ತಿರುತ್ತದೆ. ದೂರದಿಂದ ಕೇಳಿಸಿದಾಗಲೆಲ್ಲ ಓಡುತ್ತಿದ್ದೆ. ಹತ್ತಿರ ಹೋದರೆ ಬೇರೆ ಯಾರದೋ ಧ್ವನಿ.

ಒಂಬತ್ತನೆಯ ದಿನ ಅತ್ತಿಗುಪ್ಪೆ ಮೆಟ್ರೋ ಸ್ಟೇಷನ್ನಿನ ಹಿಂದಿನ ಒಂದು ಅಡ್ಡರಸ್ತೆಯಲ್ಲಿ, ಮನೆಗಳ ಆ ಕಡೆಯಿಂದ ಕೇಳಿಸಿತು. "ಬಳ್ಳಿ ಬಿಟ್ಟು ಬಂದ ಕಾಯಿ…" ಹದಿನೇಳು ವರ್ಷದ ಹುಡುಗನ ಧ್ವನಿ. ನನಗಿಂತ ಅವನು ಎಷ್ಟು ಧೈರ್ಯದಿಂದ ಮಾತಾಡುತ್ತಿದ್ದಾನೆ ಎಂದೇ ಮೊದಲು ಅನಿಸಿತು. ತಿರುವು ದಾಟಿ ನೋಡಿದೆ. ಹಸಿರು ಬಣ್ಣದ ತಳ್ಳುಗಾಡಿ, ಕಂಬಕ್ಕೆ ಕಟ್ಟಿದ ಸ್ಪೀಕರು, ಪಂಚೆ ಉಟ್ಟ ಐವತ್ತರ ಆಸುಪಾಸಿನ ಒಬ್ಬರು. ನಾನು ಎದುರಿನ ಮನೆಯ ಕಾಂಪೌಂಡಿನ ಪಕ್ಕ ನಿಂತು ಫೋನ್ ತೆಗೆದು ರೆಕಾರ್ಡಿಂಗ್ ಒತ್ತಿದೆ.

"…ಈರುಳ್ಳಿ ಬಂತು, ಆಲೂಗಡ್ಡೆ ಬಂತು…" ಆಮೇಲೆ, ದೂರದಿಂದ, ಆದರೆ ಸ್ಪಷ್ಟವಾಗಿ:

"ಮುತ್ತ್ಯಾ! ರೊಟ್ಟಿ ಆರಾಕತ್ತಾವ, ಬಾರೋ ಯಪ್ಪಾ!"

ನಾನು ಏನು ಮಾಡಿದೆ ಎಂದು ನೆನಪಿಲ್ಲ. ಫೋನ್ ಹಿಡಿದಿದ್ದ ಕೈ ಮಾತ್ರ ಅಲುಗಾಡದ ಹಾಗೆ ನೋಡಿಕೊಂಡೆ. ಅಷ್ಟರಲ್ಲಿ ಸ್ಪೀಕರಿನಿಂದ ಇನ್ನೊಂದು ಧ್ವನಿ ಬಂತು. ಮೈಕಿಗೆ ಬಾಯಿಟ್ಟು ಗದರಿದ ಹಾಗೆ, ಎಲ್ಲಕ್ಕಿಂತ ಜೋರಾಗಿ:

"ಏ ಯವ್ವಾ, ಸುಮ್ನಿರ!"

ಅದು ನಾನು. ಹಾಗೆ ಅಂದದ್ದು ನನಗೆ ಪೂರ್ತಿ ಮರೆತುಹೋಗಿತ್ತು. ಅವ್ವ ಕರೆದದ್ದು ನೆನಪಿತ್ತು, ನಾನು ಉತ್ತರ ಕೊಟ್ಟದ್ದು ನೆನಪಿರಲಿಲ್ಲ.

ಗಾಡಿಯ ಹತ್ತಿರ ಇಬ್ಬರು ಹೆಂಗಸರು ನಿಂತಿದ್ದರು. ಒಬ್ಬರು ನೈಟಿಯ ಮೇಲೆ ಟವೆಲ್ ಹಾಕಿಕೊಂಡಿದ್ದ ದಪ್ಪನೆಯವರು. ಅವರು ಹೇಳಿದರು, "ಕರಿಬಸಪ್ಪಾ, ಊಟಕ್ಕೆ ಕರೀತಿದಾರೆ, ಹೋಗಪ್ಪ."

"ಹೋಯ್ತೀನಿ ತಾಯಿ. ಈ ಬದನೆಕಾಯಿ ನೀವು ತಗೊಂಡ್ರೆ ಈಗ್ಲೇ ಹೋಯ್ತೀನಿ," ಅಂದರು ಗಾಡಿಯವರು.

"ಆ ಹುಡುಗ ನೋಡು, ಎರಡು ವರ್ಷದಿಂದ ದಿನಾ ಅವರಮ್ಮನ ಮೇಲೆ ರೇಗ್ತಾನೆ. ಕರೆದಿದ್ದು ಊಟಕ್ಕೆ, ಪಾಪ."

"ನಮ್ಮನೇಲೂ ಒಂದಿದೆ, ಹಂಗೇ," ಅಂದರು ಇನ್ನೊಬ್ಬರು. "ಅದು ಮಾತಾಡೋ ಧಾಟಿ ನೋಡಿ ನಮ್ಮ ಸೊಸೆ ಶಿವರಂಜನಿ, ನಿನಗೂ ತರಕಾರಿ ಗಾಡಿ ಹುಡುಗನ ಚಾಳಿ ಬಂತು ಅಂತ ಬೈತಾಳೆ."

ಅವರು ನಕ್ಕರು. ಈ ರಸ್ತೆಯಲ್ಲಿ ನನಗೆ ಹೆಸರಿತ್ತು. ಹನ್ನೊಂದು ಹಾಡಿನಿಂದ ಬಾರದ ಹೆಸರು.

ಗಾಡಿ ಮುಂದೆ ಹೋಯಿತು. ಹೋಗಿ ಮಾತಾಡಿ, ಅದು ನಮ್ಮ ಅವ್ವನ ಧ್ವನಿ, ಕಾರ್ಡ್ ಸ್ವಲ್ಪ ಕೊಡಿ ಎಂದು ಕೇಳಬೇಕಿತ್ತು. ವಾಕ್ಯವನ್ನು ಮನಸ್ಸಿನಲ್ಲಿ ಜೋಡಿಸಿಕೊಂಡೆ ಕೂಡ. ಆದರೆ ರೇಗುವ ಹುಡುಗ ನಾನೇ ಎಂದು ಆ ಹೆಂಗಸರ ಎದುರಿಗೆ ಹೇಳುವುದು ಹೇಗೆ? ಹಿಂದೆ ಹಿಂದೆ ನಾಲ್ಕು ಅಡ್ಡರಸ್ತೆ ನಡೆದು, ಇಪ್ಪತ್ತು ಹೆಜ್ಜೆ ದೂರದಿಂದಲೇ ಮತ್ತೆ ಮತ್ತೆ ರೆಕಾರ್ಡ್ ಮಾಡಿದೆ. ಒಂದು ಗೇಟಿನಿಂದ ಒಬ್ಬ ಅಜ್ಜಿ ಕೇಳಿದರು, "ಏನಪ್ಪಾ, ತರಕಾರಿ ಬೇಕಾದ್ರೆ ಹತ್ರ ಹೋಗ್ಬಾರ್ದಾ? ಕದ್ದು ನೋಡ್ತೀಯಲ್ಲ." ನಾನು ಫೋನ್ ಜೇಬಿಗೆ ಹಾಕಿಕೊಂಡು ವಾಪಸ್ ಬಂದೆ.

ಮನೆಗೆ ಬಂದು ಕೌದಿಯೊಳಗೆ ಕೂತೆ. ಏಳು ರೆಕಾರ್ಡಿಂಗ್ ಇದ್ದವು. ಒಂದರಲ್ಲಿ ನಾಯಿ, ಒಂದರಲ್ಲಿ ಬೈಕು. ಐದನೆಯದು ಚೆನ್ನಾಗಿತ್ತು. ಅವ್ವನ ಕರೆ ಎರಡೂವರೆ ಸೆಕೆಂಡು, ನನ್ನ ಉತ್ತರ ಒಂದು ಸೆಕೆಂಡು. ನಡುವೆ ಕೂದಲೆಳೆಯಷ್ಟು ಜಾಗ. ಇಂಥದನ್ನು ಕತ್ತರಿಸುವುದರಲ್ಲಿ ನನಗೆ ಎರಡು ವರ್ಷದ ಅಭ್ಯಾಸ ಇತ್ತು. ಎಷ್ಟು ನಾಜೂಕಾಗಿ ಕತ್ತರಿಸಿದೆ ಎಂದರೆ, ಕರೆದ ಮೇಲೆ ಅಡುಗೆಮನೆಯ ಸಣ್ಣ ಗುಂಯ್‌ಗುಡುವಿಕೆಯೂ ಉಳಿದು ನಿಧಾನವಾಗಿ ಮರೆಯಾಗುತ್ತಿತ್ತು. ಕೇಳಿದವರಿಗೆ, ಒಬ್ಬಳು ತಾಯಿ ಕರೆದಳು, ಅಷ್ಟೇ. ಹಾಡಿನ ಎಂಟನೇ ಸಾಲಿನ ನಂತರ ಅದನ್ನು ಇಟ್ಟು ನೋಡಿದೆ. ಅಳತೆ ಮಾಡಿಸಿದ ಹಾಗೆ ಕೂತಿತು. ಬರೆಯಲು ಶುರು ಮಾಡಿದಾಗಿನಿಂದ ಒಂದು ಹಾಡು ಮುಗಿಯಿತು ಎಂದು ನನಗೆ ಅನಿಸಿದ್ದು ಅದೇ ಮೊದಲು.

ಆದರೆ ಧ್ವನಿ ನನ್ನದಲ್ಲವಲ್ಲ. ಅವಳನ್ನು ಕೇಳದೆ ಹಾಕಬಾರದು ಅನಿಸಿತು.

ಮರುದಿನ ಬೆಳಗ್ಗೆ ಇಕ್ಕಳ ಎರಡು ಸಲ ಬಡಿಯಿತು. ಊಟ ಮಾಡಿದೆವು. ಅವ್ವ ಕೈ ಒರೆಸಿಕೊಂಡು ಬಂದಾಗ ಹೆಡ್‌ಫೋನ್ ಅವಳ ಕಿವಿಗೆ ಹಾಕಿದೆ. ಏನೆಂದು ಹುಬ್ಬು ಎತ್ತಿ ಕೇಳಿದಳು. "ಕೇಳವ್ವ," ಅಂದೆ. ಹಾಡು ಹಾಕಲಿಲ್ಲ, ಕತ್ತರಿಸಿದ ತುಣುಕನ್ನು ಮಾತ್ರ ಹಾಕಿದೆ.

ಅವಳ ಮುಖ ನೋಡುತ್ತಾ ಇದ್ದೆ. ಎರಡೂವರೆ ಸೆಕೆಂಡು ಎಷ್ಟು ಹೊತ್ತು? ಮುಗಿದ ಮೇಲೂ ಅವಳು ಅಲುಗಾಡಲಿಲ್ಲ. ಕೈ ಮಾತ್ರ ತಾನಾಗಿ ಕುತ್ತಿಗೆಯ ಬಟ್ಟೆಯ ಹತ್ತಿರ ಹೋಯಿತು. ಇನ್ನೊಮ್ಮೆ ಎಂದು ಬೆರಳು ತೋರಿಸಿದಳು. ಹಾಕಿದೆ. ಮೂರನೇ ಸಲ ಮುಗಿದಾಗ ಅಂಗೈಯನ್ನು ಗಾಳಿಯಲ್ಲಿ ತಿರುಗಿಸಿದಳು. ಮುಂದೆ? ಎಂದು ಕೇಳುವ ರೀತಿ ಅದು.

"ಅಷ್ಟ," ಅಂದೆ.

ಅವ್ವ ತಲೆ ಅಲ್ಲಾಡಿಸಿದಳು. ಅಷ್ಟೇ ಅಲ್ಲ. ನನ್ನ ಕಡೆ ಬೆರಳು ತೋರಿಸಿ, ಆಮೇಲೆ ಆ ಬೆರಳನ್ನು ತನ್ನ ತುಟಿಯ ಮೇಲೆ ಅಡ್ಡ ಇಟ್ಟಳು. ಸುಮ್ಮನಿರು ಎಂದು ನೀನು ಅಂದಿದ್ದೆಯಲ್ಲ, ಅದೆಲ್ಲಿ?

ನಾನು ಮರೆತದ್ದು ಅವಳಿಗೆ ನೆನಪಿತ್ತು. ಬಹುಶಃ ಆ ಒಂದು ಸಲ ಅಲ್ಲ. ನಾನು ಹಾಗೆ ಅಂದದ್ದು ಎಷ್ಟು ಸಲವೋ, ಯಾವ ಸಲದ್ದೇ ಇರಲಿ, ಕರೆದ ಮೇಲೆ ಆ ಮಾತು ಬರಲೇಬೇಕು ಎಂದು ಅವಳಿಗೆ ಗೊತ್ತಿತ್ತು. "ಅದನ್ನ ತಗದೀನವ್ವ," ಅಂದೆ. ನನ್ನ ಧ್ವನಿ ನನಗೇ ಕೇಳಿಸಲಿಲ್ಲ. "ಹಾಡಿನ್ಯಾಗ ನಿನ್ನ ಧ್ವನಿ ಹಾಕಬೇಕಂತ ಮಾಡೀನಿ. ಹಾಕ್ಲೇನು?"

ಅವಳು ಹೆಡ್‌ಫೋನ್ ತೆಗೆದು, ವೈರನ್ನು ಜಾಗ್ರತೆಯಾಗಿ ಸುತ್ತಿ, ನನ್ನ ಕೈಯಲ್ಲಿಟ್ಟಳು. ಬೇಡ. ಕೋಪ ಇರಲಿಲ್ಲ. ಆಮೇಲೆ ಬಾಗಿಲ ಕಡೆ, ಬಸ್ ಸ್ಟಾಪಿನ ಕಡೆ, ದೂರದ ಕಡೆ ಕೈ ತೋರಿಸಿದಳು. ಇದು ಎಲ್ಲಿ ಸಿಕ್ಕಿತು?

ಹೇಳಿದೆ. ಗಾಡಿಯ ಬಗ್ಗೆ, ಕರಿಬಸಪ್ಪನವರ ಬಗ್ಗೆ, ಎರಡು ವರ್ಷದಿಂದ ಅವಳ ಕರೆ ಅತ್ತಿಗುಪ್ಪೆಯ ರಸ್ತೆಗಳಲ್ಲಿ ತಿರುಗುತ್ತಿರುವುದರ ಬಗ್ಗೆ. ಅವ್ವ ಗೋಡೆಗೆ ಒರಗಿ ಕೇಳಿದಳು. ಆಪರೇಷನ್ ಆದಾಗಿನಿಂದ ಅವಳು ಆಸ್ಪತ್ರೆ ಬಿಟ್ಟರೆ ಎಲ್ಲಿಗೂ ಹೋಗಿರಲಿಲ್ಲ. ಬಟ್ಟೆ ಕಟ್ಟಿದ ಕುತ್ತಿಗೆಯನ್ನು ಜನ ನೋಡುತ್ತಾರೆ ಎಂದು ವಠಾರದ ಮಹಡಿಯನ್ನೂ ಇಳಿಯುತ್ತಿರಲಿಲ್ಲ. ಆ ಭಾನುವಾರ ಬೆಳಗ್ಗೆ ನಾನು ಏಳುವಷ್ಟರಲ್ಲಿ ಇಳಕಲ್ ಸೀರೆ ಉಟ್ಟು, ಕುತ್ತಿಗೆಗೆ ಹೊಸ ಬಿಳಿ ಬಟ್ಟೆ ಕಟ್ಟಿಕೊಂಡು, ತರಕಾರಿ ಚೀಲ ಮಡಚಿ ಹಿಡಿದು ಬಾಗಿಲಲ್ಲಿ ಕೂತಿದ್ದಳು.

ಬಸ್ಸಿನಲ್ಲಿ ಒಬ್ಬ ಹುಡುಗಿ ಅವಳ ಕುತ್ತಿಗೆ ನೋಡಿ ಮುಖ ತಿರುಗಿಸಿಕೊಂಡಳು. ಅವ್ವ ಕಿಟಕಿಯ ಹೊರಗೆ ನೋಡುತ್ತಿದ್ದಳು. ಅತ್ತಿಗುಪ್ಪೆಯ ಆ ಅಡ್ಡರಸ್ತೆಯಲ್ಲಿ ಒಂದು ಹೊಂಗೆ ಮರದ ಕೆಳಗೆ ಮುಕ್ಕಾಲು ಗಂಟೆ ನಿಂತೆವು. ಗಾಡಿ ಬರಲಿಲ್ಲ. ಭಾನುವಾರ ಬರುವುದಿಲ್ಲವೇನೋ, ಇಷ್ಟು ದೂರ ಕರೆದುಕೊಂಡು ಬಂದೆನಲ್ಲ ಎಂದು ನನಗೆ ಭಯ ಆಗುತ್ತಿತ್ತು. ಅವ್ವ ನನ್ನ ತೋಳು ತಟ್ಟಿದಳು. ನನಗಿಂತ ಮುಂಚೆ ಅವಳಿಗೆ ಕೇಳಿಸಿತ್ತು.

"ಹೀರೇಕಾಯಿ, ಸೋರೇಕಾಯಿ…"

ಅವಳು ಕಾಯಲಿಲ್ಲ. ನೇರವಾಗಿ ಗಾಡಿಯ ಹತ್ತಿರ ಹೋಗಿ ನಿಂತಳು. ನಾನು ಹಿಂದೆ ನಿಂತೆ. ಗಿರಾಕಿ ಬಂದರೆ ಮಾತು ಕೇಳಿಸಲಿ ಎಂದು ಕರಿಬಸಪ್ಪನವರು ಸ್ಪೀಕರಿನ ಬಟನ್ನಿಗೆ ಕೈ ಹಾಕಿದರು. ಅವ್ವ ಬೇಡ ಬೇಡ ಎಂದು ಜೋರಾಗಿ ಕೈ ಆಡಿಸಿದಳು.

"ಗಲಾಟೆ ಅಲ್ವೇನಮ್ಮ?"

ಅವ್ವ ಅಲ್ಲ ಎಂದು ತಲೆ ಅಲ್ಲಾಡಿಸಿದಳು.

"ಸರಿ, ಇರ್ಲಿ. ಏನ್ ಕೊಡ್ಲಿ? ಬಾಯ್ಬಿಟ್ಟು ಹೇಳಮ್ಮ, ಈ ಮೈಕಿನ ಮುಂದೆ ನಂಗೆ ಕಿವಿ ಮಂದ."

ಈಗ ನಾನು ಹೇಳಲೇಬೇಕು. ಇವರಿಗೆ ಮಾತು ಬರುವುದಿಲ್ಲ, ಈ ಧ್ವನಿ ಇವರದೇ, ರೇಗುವವನು ನಾನು. ವಾಕ್ಯ ಸಿದ್ಧವಾಗಿತ್ತು, ಬಾಯಿಯನ್ನೂ ತೆರೆದೆ. ಅವ್ವ ಹಿಂತಿರುಗಿ ನೋಡಿ ತುಟಿಯ ಮೇಲೆ ಬೆರಳಿಟ್ಟಳು.

ಅಷ್ಟರಲ್ಲಿ ಅದು ಬಂತು.

"ಮುತ್ತ್ಯಾ! ರೊಟ್ಟಿ ಆರಾಕತ್ತಾವ, ಬಾರೋ ಯಪ್ಪಾ!"

ಕರಿಬಸಪ್ಪನವರು ತಕ್ಕಡಿಯ ತಟ್ಟೆ ಒರೆಸುತ್ತಾ, ಗಮನ ಇಲ್ಲದೆಯೇ, ಸ್ಪೀಕರಿನ ಜೊತೆ ತಾವೂ ತುಟಿ ಆಡಿಸಿದರು. ರೊಟ್ಟಿ ಆರಾಕತ್ತಾವ, ಬಾರೋ ಯಪ್ಪಾ. ದಿನಾ ಕೇಳಿ ಕೇಳಿ ಬಾಯಿಪಾಠ ಆಗಿತ್ತು. ಆಮೇಲೆ ನನ್ನ ಮಾತನ್ನೂ ಹಾಗೆಯೇ ಅಂದರು. ಏ ಯವ್ವಾ, ಸುಮ್ನಿರ. ಅದನ್ನು ನೋಡಿ ಅವ್ವನ ಭುಜ ಕುಲುಕಿತು. ಅವಳು ನಗುತ್ತಿದ್ದಳು. ಕುತ್ತಿಗೆಯ ಬಿಳಿ ಬಟ್ಟೆ ಉಸಿರಿಗೆ ಪಟಪಟ ಎಂದು ಅಲುಗುತ್ತಿತ್ತು, ಬೇರೆ ಯಾವ ಸದ್ದೂ ಇರಲಿಲ್ಲ.

ಅವಳು ಬದನೆಕಾಯಿಯ ಕಡೆ ಕೈ ತೋರಿಸಿದಳು. ಒಂದೊಂದನ್ನೂ ಎತ್ತಿ, ತೊಟ್ಟು ನೋಡಿ, ಬೆರಳಿನಿಂದ ಒತ್ತಿ, ಕೆಳಗಿಟ್ಟು, ಮತ್ತೆ ಬೇರೆಯದನ್ನು ಎತ್ತಿದಳು. ಎಣ್ಣೆಗಾಯಿಗೆ ಎಂಟು ಬದನೆಕಾಯಿ ಸಾಕು. ಮನೆಯಲ್ಲಿ ಅರ್ಧ ನಿಮಿಷದಲ್ಲಿ ಆರಿಸುವವಳು. ಸ್ಪೀಕರಿನಲ್ಲಿ ಹೀರೇಕಾಯಿ ಬಂತು, ಸೋರೇಕಾಯಿ ಬಂತು, ಈರುಳ್ಳಿ ಬಂತು, ಅವಳು ಮತ್ತೆ ನನ್ನನ್ನು ಕರೆದಳು. ಅವಳ ಕೈಯಲ್ಲಿ ಮೂರನೇ ಬದನೆಕಾಯಿ ಇತ್ತು.

"ನಿಧಾನಕ್ಕೆ ನೋಡಮ್ಮ, ಆತುರ ಏನಿಲ್ಲ," ಅಂದರು ಕರಿಬಸಪ್ಪನವರು.

ನಾನು ಚೀಲದ ಬಾಯಿ ಅಗಲಿಸಿ ಹಿಡಿದುಕೊಂಡು, ಅವ್ವ ಹೇಳಿದಂತೆ, ಸುಮ್ಮನೆ ನಿಂತಿದ್ದೆ.